ಕನ್ಸಲ್ಟಿಂಗ್ ಇಂಟರ್ನ್‌ಶಿಪ್ ಶಾರ್ಟ್‌ಲಿಸ್ಟ್ ಬಂದೈತಿ, ನಾಕ್ ವಾರ ಉಳದಾವು, ಹೆಂಗ ತಯಾರಿ ಮಾಡ್ಲಿ?

ಮೆಣಸಿನಕಾಯಿ_ಓಣಿ · ಸೆಪ್ಟೆಂಬರ್ 28, ರಾತ್ರಿ 11:40

ನಮಸ್ಕಾರ್ರಿ ಎಲ್ಲಾರ್ಗೂ. ಎಂಬಿಎ ಮೊದಲನೇ ವರ್ಷ ನಂದು, ಕಾಲೇಜ್ ಸೇರಿ ಇನ್ನೂ ಮೂರ್ ತಿಂಗಳ ಆಗೈತಿ ಅಷ್ಟರಾಗ ಸಮ್ಮರ್ ಪ್ಲೇಸ್‌ಮೆಂಟ್ ಬಂದಬಿಟ್ಟೈತಿ. ಅಕ್ಟೋಬರ್ ಕೊನೀಗೆ ಇಂಟರ್ವ್ಯೂ, ಮುಂದಿನ ಏಪ್ರಿಲ್ ಜೂನ್ ನಡುವ ಎರಡ್ ತಿಂಗಳ ಇಂಟರ್ನ್‌ಶಿಪ್. ಎರಡ್ ಕನ್ಸಲ್ಟಿಂಗ್ ಕಂಪನಿ (ಬ್ಯಾರೆ ಕಂಪನಿಗಳಿಗೆ ವ್ಯಾಪಾರದ ಸಲಹೆ ಕೊಡೋವು) ಶಾರ್ಟ್‌ಲಿಸ್ಟ್‌ನ್ಯಾಗ ನನ್ನ ಹೆಸರು ಬಂದೈತಿ.

ನಮ್ಮೂರು ಬ್ಯಾಡಗಿ ಹತ್ರ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಆಮ್ಯಾಲೆ ಹುಬ್ಬಳ್ಳ್ಯಾಗ ಇಂಜಿನಿಯರಿಂಗ್, ಎರಡ್ ವರ್ಷ ಕೆಲಸ. ಅಪ್ಪಂದು ಮೆಣಸಿನಕಾಯಿ ವ್ಯಾಪಾರ, ದೊಡ್ಡದೇನಲ್ಲ.

ಕೇಸ್ ಅಂದ್ರ ಇಂಟರ್ವ್ಯೂನ್ಯಾಗ ಒಂದ್ ಕಂಪನಿ ಸಮಸ್ಯೆ ಕೊಟ್ಟು ಬಿಡಸ್ರಿ ಅಂತಾರಲ್ಲ, ಅದು. ಅಂಥಾವು ಇರೋ ಕೇಸ್‌ಬುಕ್ ತಗೊಂಡು 40 ಕೇಸ್ ಓದೇನಿ. ಲಾಭ ಯಾಕ ಇಳದೈತಿ ಅನ್ನೋವು, ಹೊಸ ಮಾರ್ಕೆಟ್‌ಗೆ ಹೋಗ್ಬೇಕೋ ಬ್ಯಾಡೋ ಅನ್ನೋವು, ಗೆಸ್ಟಿಮೇಟ್ (ಊಹೆ ಮ್ಯಾಲೆ ಲೆಕ್ಕ ಹಾಕಿ ಅಂದಾಜು ಹೇಳೋದು), ಎಲ್ಲಾ. ಆದ್ರ ಮೊನ್ನೆ ಮಾಕ್ ಇಂಟರ್ವ್ಯೂ (ಅಭ್ಯಾಸಕ್ಕ ಮಾಡೋದು) ಕೊಟ್ಟಾಗ ಸೀನಿಯರ್ ಒಬ್ರು "ನೀ ಹೇಳಿದ್ದೆಲ್ಲಾ ಸರಿ ಐತಿ, ಆದ್ರ ಅದನ್ನ ಯಾವ ಕಂಪನಿಗೆ ಬೇಕಾದ್ರೂ ಹೇಳಬಹುದು" ಅಂದ್ರು. ಅದು ಕೇಳಿದ ಮ್ಯಾಲೆ ಎರಡ್ ದಿನ ಆತು, ಪುಸ್ತಕ ತಗದಿಲ್ಲ. ಕ್ಲಾಸ್‌ನ್ಯಾಗ ಬಾಕಿಯವ್ರು ಪಟಪಟ ಇಂಗ್ಲಿಷ್ ಮಾತಾಡ್ತಾರ, ನಂಗ ಲೆಕ್ಕ ಬರ್ತೈತಿ, ಮಾತು ಹೊರಗ ಬರಂಗಿಲ್ಲ. ಇದ್ರಾಗ ಇದ್ದವ್ರು ಯಾರಾದ್ರೂ ಇದ್ರ ದಾರಿ ಹೇಳ್ರಿ.

ಒಂಟಿಕೊಪ್ಪಲ್_ಅಕ್ಕ · ಸೆಪ್ಟೆಂಬರ್ 29

ಏಳು ವರ್ಷ ಇದೇ ಕೆಲಸ ಮಾಡ್ದೆ, ಆಮೇಲೆ ಬಿಟ್ಟು ಈಗ ಒಂದು ಕಂಪನಿಲಿ ಸ್ಟ್ರಾಟಜಿ ನೋಡ್ಕೋತೀನಿ, ಆ ಕಾಲದಲ್ಲಿ ಸುಮಾರು ಕ್ಯಾಂಪಸ್ ಇಂಟರ್ವ್ಯೂ ತಗೊಂಡಿದೀನಿ. ನಿಮ್ ಸೀನಿಯರ್ ಹೇಳಿದ್ದು ಒಳ್ಳೇ ಮಾತು, ಬೇಜಾರ್ ಮಾಡ್ಕೋಬೇಡಿ.

40 ಕೇಸ್ "ಓದಿದೀನಿ" ಅಂದ್ರಲ್ಲ, ತೊಂದರೆ ಅಲ್ಲೇ ಇರೋದು. ಕೇಸ್ ಓದೋದು ಬೇರೆ, ಬಾಯಿಬಿಟ್ಟು ಮಾಡೋದು ಬೇರೆ. ಓದುವಾಗ ಉತ್ತರ ಪಕ್ಕದಲ್ಲೇ ಇರುತ್ತೆ, ಹಾಗಾಗಿ ಎಲ್ಲಾ ಸುಲಭ ಅನ್ಸುತ್ತೆ. ಇವತ್ತಿಂದ ಹೊಸ ಕೇಸ್ ಓದೋದು ನಿಲ್ಸಿ, ದಿನಕ್ಕೆ ಒಂದೇ ಕೇಸ್, ಎದುರಿಗೆ ಒಬ್ಬರನ್ನ ಕೂರಿಸ್ಕೊಂಡು ಮಾಡಿ, ಆಮೇಲೆ ಅದೇ ಕೇಸನ್ನ ನೀವು ಬೇರೆಯವರಿಗೆ ಕೊಡಿ. ಕೊಡುವಾಗ ಕಲಿಯೋದು ಜಾಸ್ತಿ, ಯಾಕಂದ್ರೆ ಎದುರಿಗಿರೋರು ಎಲ್ಲಿ ಸುಮ್ನೆ ಸುತ್ತಾಡ್ತಿದಾರೆ ಅಂತ ಕಣ್ಣಿಗೆ ಕಾಣುತ್ತೆ.

ಇಂಗ್ಲಿಷ್ ಬಗ್ಗೆ: ನಾನೂ ಮೈಸೂರಲ್ಲಿ ಕನ್ನಡ ಮೀಡಿಯಂ ಓದಿದವಳೇ. ಇಂಟರ್ವ್ಯೂಲಿ ನಾವು ನೋಡೋದು ಮೂರು. ಪ್ರಶ್ನೆ ಸರಿಯಾಗಿ ಅರ್ಥ ಮಾಡ್ಕೊಂಡ್ರಾ, ಅದನ್ನ ಒಂದರ ಮೇಲೊಂದು ಬೀಳದ ಹಾಗೆ, ಯಾವುದೂ ಬಿಟ್ಟುಹೋಗದ ಹಾಗೆ ಭಾಗ ಮಾಡಿದ್ರಾ, ನಂಬರ್ ಬಂದಮೇಲೆ "ಹಾಗಾದ್ರೆ ಏನು" ಅಂತ ಹೇಳಿದ್ರಾ. ಸಣ್ಣ ಸಣ್ಣ ವಾಕ್ಯ ಸಾಕು. ಉದ್ದ ವಾಕ್ಯ ಶುರು ಮಾಡಿ ಮಧ್ಯ ಸಿಕ್ಕಿಹಾಕ್ಕೊಳ್ಳೋದೇ ನಮ್ಮಂಥವರಿಗೆ ಆಗೋ ಕಷ್ಟ.

ಈಗ ನಿಮಗೊಂದು ಕೆಲಸ. ಕೇಸ್‌ಬುಕ್ ಮುಚ್ಚಿಡಿ. ನಿಮ್ಮ ಅಪ್ಪನ ಅಂಗಡಿ ಲಾಭ ಹೋದ ವರ್ಷಕ್ಕಿಂತ ಕಮ್ಮಿ ಆಗಿದೆ, ಯಾಕೆ? ಇಲ್ಲೇ ಬರೀರಿ, ಕನ್ನಡದಲ್ಲೇ.

ಮೆಣಸಿನಕಾಯಿ_ಓಣಿ · ಸೆಪ್ಟೆಂಬರ್ 29, ರಾತ್ರಿ

ಅಕ್ಕಾ, ಬರೀತೇನಿ, ತಪ್ಪಿದ್ರ ಹೇಳ್ರಿ.

ಮದ್ಲು ಒಂದ್ ಮಾತು ಕೇಳ್ತೇನಿ, ಲಾಭ ಕಮ್ಮಿ ಆಗಿದ್ದು ದಿನಾ ತಗೊಂಡು ದಿನಾ ಮಾರೋ ಮಾಲಿಂದೋ, ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ಟು ಆಮ್ಯಾಲೆ ಮಾರೋ ಮಾಲಿಂದೋ? ಯಾಕಂದ್ರ ಎರಡೂ ಬ್ಯಾರೆ ವ್ಯಾಪಾರ. ಬ್ಯಾಡಗಿಯಾಗ ಸೋಮವಾರ, ಗುರುವಾರ ಮಾರ್ಕೆಟ್, ಟೆಂಡರ್‌ನ್ಯಾಗ ತಗೊಂಡು ಅದೇ ವಾರ ಲಾರಿ ತುಂಬಿಸಿದ್ರ ಸಿಗೋದು ಸಣ್ಣ ಮಾರ್ಜಿನ್, ಆದ್ರ ರಿಸ್ಕ್ ಕಮ್ಮಿ. ಇಟ್ಟ ಮಾಲಿಂದು ಜೂಜಿದ್ದಂಗ.

ಇಟ್ಟ ಮಾಲು ಅಂತ ತಿಳ್ಕೊಂಡ್ರ: ಎಷ್ಟಕ್ಕ ತಗೊಂಡ್ವಿ, ಎಷ್ಟಕ್ಕ ಮಾರಿದ್ವಿ, ನಡುವ ಎಷ್ಟ್ ಖರ್ಚಾತು. ಖರ್ಚಿನ್ಯಾಗ ಹಮಾಲಿ, ಚೀಲ, ಗಾಡಿ ಬಾಡಿಗಿ, ಸ್ಟೋರೇಜ್ ಬಾಡಿಗಿ, ರೊಕ್ಕದ ಬಡ್ಡಿ. ಮತ್ತೊಂದು ಹೊರಗಿನವ್ರಿಗೆ ಗೊತ್ತಾಗಂಗಿಲ್ಲ, ತೇವ ಹೋಗಿ ತೂಕ ಕಮ್ಮಿ ಆಗ್ತೈತಿ. 100 ಕ್ವಿಂಟಲ್ ಇಟ್ರ 100 ಕ್ವಿಂಟಲ್ ಹೊರಗ ಬರಂಗಿಲ್ಲ. ಆಮ್ಯಾಲೆ ಬಣ್ಣ. ನಮ್ ಬ್ಯಾಡಗಿ ಕಾಯಿಗೆ ರೇಟ್ ಬರೋದ ಬಣ್ಣಕ್ಕ, ಖಾರಕ್ಕಲ್ಲ, ಓಲಿಯೋರೆಸಿನ್ (ಕಾಯಿಂದ ಬರೋ ಎಣ್ಣಿಯಂಥಾ ಸಾರ) ತಗಿಯೋ ಫ್ಯಾಕ್ಟರಿಯವ್ರು ಬಣ್ಣ ನೋಡಿ ತಗೋತಾರ, ಮಸಾಲೆ ಪುಡಿ ಮಾಡೋರ್ದು ಲೆಕ್ಕ ಬ್ಯಾರೆ. ಬಣ್ಣ ಇಳದ್ರ ಗಿರಾಕಿನ ಬದಲಾಗ್ತಾನ.

ಒಂಟಿಕೊಪ್ಪಲ್_ಅಕ್ಕ · ಸೆಪ್ಟೆಂಬರ್ 30

ಮೊನ್ನೆ ಮಾಕ್‌ನಲ್ಲಿ ನೀವು ಹೀಗೆ ಮಾತಾಡಿದ್ರಾ? ಇಲ್ಲ ಅಲ್ವಾ. ಶುರುವಲ್ಲೇ ವ್ಯಾಪಾರ ಎರಡು ಥರ ಅಂತ ಕೇಳಿದ್ರಿ ನೋಡಿ, ಅದೇ ಒಂದು ಪ್ರಶ್ನೆಗೆ ನಾನಾಗಿದ್ರೆ ಪೆನ್ ಕೆಳಗಿಟ್ಟು ಕೇಳ್ತಿದ್ದೆ. ತೂಕದ ವಿಷಯ ಯಾವ ಕೇಸ್‌ಬುಕ್‌ನಲ್ಲೂ ಸಿಗಲ್ಲ. "ಆದಾಯ ಒಂದು ಕಡೆ, ಖರ್ಚು ಒಂದು ಕಡೆ, ಖರ್ಚಲ್ಲಿ ಫಿಕ್ಸೆಡ್ ಎಷ್ಟು ವೇರಿಯಬಲ್ ಎಷ್ಟು" ಅಂತ ಎಲ್ಲರೂ ಬಾಯಿಪಾಠ ಹೇಳ್ತಾರೆ, ಅದು ತಪ್ಪಲ್ಲ, ಆದ್ರೆ ಮಾಲು ಗೋಡೌನ್‌ನಲ್ಲಿ ಏನಾಗುತ್ತೆ ಅಂತ ಕಣ್ಮುಂದೆ ತಂದುಕೊಂಡವರು ಕಮ್ಮಿ. ಸಿಮೆಂಟ್ ಕಂಪನಿ ಕೇಸ್ ಬಂದ್ರೂ, ಆಸ್ಪತ್ರೆ ಕೇಸ್ ಬಂದ್ರೂ ಇದನ್ನೇ ಮಾಡಿ. ಮೊದಲು 30 ಸೆಕೆಂಡ್ ಕಣ್ಣುಮುಚ್ಚಿ ಆ ಜಾಗದಲ್ಲಿ ನಿಂತ ಹಾಗೆ ಯೋಚನೆ ಮಾಡಿ. ಮಾಲು ಎಲ್ಲಿಂದ ಬರುತ್ತೆ, ಯಾರು ಮುಟ್ತಾರೆ, ದುಡ್ಡು ಯಾವಾಗ ಕೈಗೆ ಬರುತ್ತೆ.

ಈಗ ನಂಬರ್ ಹಾಕಿ. ನಿಮ್ಮ ನಿಜವಾದ ಲೆಕ್ಕ ಇಲ್ಲಿ ಬೇಡ, ಊಹೆ ನಂಬರ್ ಸಾಕು.

ಮೆಣಸಿನಕಾಯಿ_ಓಣಿ · ಸೆಪ್ಟೆಂಬರ್ 30

ಊಹೆ ನಂಬರ್ ಹಾಕೇನಿ. 100 ಕ್ವಿಂಟಲ್, 18,000ದಂಗ ತಗೊಂಡ್ರ 18 ಲಕ್ಷ. ಸ್ಟೋರೇಜ್, ಹಮಾಲಿ ಎಲ್ಲಾ ಸೇರಿ ಕ್ವಿಂಟಲ್‌ಗೆ 600, ಅಂದ್ರ 60 ಸಾವಿರ. ವರ್ಷಕ್ಕ 12 ಪರ್ಸೆಂಟ್ ಬಡ್ಡಿ, ಎಂಟ್ ತಿಂಗಳಿಗೆ 8 ಪರ್ಸೆಂಟ್, 1 ಲಕ್ಷ 44 ಸಾವಿರ. ಒಟ್ಟು ಹಾಕಿದ್ದು 20 ಲಕ್ಷ 4 ಸಾವಿರ. ತೂಕ 4 ಪರ್ಸೆಂಟ್ ಹೋತು ಅಂದ್ರ ಉಳದದ್ದು 96 ಕ್ವಿಂಟಲ್. 21,000ಕ್ಕ ಮಾರಿದ್ರ 20 ಲಕ್ಷ 16 ಸಾವಿರ.

ಉಳದದ್ದು ಬರೇ 12,000. ಎರಡ್ ಸಲ ಮಾಡಿ ನೋಡ್ದೆ. ಕ್ವಿಂಟಲ್‌ಗೆ 3,000 ರೇಟ್ ಏರೈತಿ, 3 ಲಕ್ಷ ಲಾಭ ಅಂತ ಓಣಿ ತುಂಬ ಮಾತಾಡ್ತಾರ ಇಂಥಾ ವರ್ಷ.

ಪುತ್ತೂರ್‌ದವ · ಸೆಪ್ಟೆಂಬರ್ 30

ಒಳ್ಳೆ ಲೆಕ್ಕ ಉಂಟು ಇದು. ನಾನೂ ಕನ್ಸಲ್ಟಿಂಗಲ್ಲಿ ನಾಲ್ಕನೇ ವರ್ಷ, ಈಗ ಮುಂಬೈಯಲ್ಲಿ. 12,000ಕ್ಕೆ ನಿಲ್ಲಿಸಬೇಡಿ ಮಾರಾಯ್ರೆ, ಇನ್ನೊಂದು ಹೆಜ್ಜೆ ಹೋಗಿ, ಎಷ್ಟು ರೇಟ್ ಬಂದ್ರೆ ನಷ್ಟ ಇಲ್ಲ? 20 ಲಕ್ಷ 4 ಸಾವಿರವನ್ನು 96ರಿಂದ ಭಾಗಿಸಿದ್ರೆ 20,875. ಅಂದ್ರೆ 18,000ಕ್ಕೆ ತೆಗೊಂಡವರಿಗೆ ಎಂಟು ತಿಂಗಳಲ್ಲಿ ರೇಟ್ 16 ಪರ್ಸೆಂಟ್ ಏರಿದ್ರೆ ಮಾತ್ರ ಅಸಲು ಬರುದು. "ಸರ್, ಇಡುವ ಮೊದಲು ರೇಟ್ 16 ಪರ್ಸೆಂಟ್ ಏರ್ತದೆ ಅಂತ ನಂಬಿಕೆ ಇದ್ರೆ ಮಾತ್ರ ಇಡಿ, ಇಲ್ಲದಿದ್ರೆ ಅದೇ ವಾರ ಮಾರಿ" ಅಂತ ಹೇಳಿದ್ರೆ ಅದು ಸಲಹೆ. 12,000 ಅನ್ನುದು ಬರೀ ಉತ್ತರ.

ಮತ್ತೆ ಮಾರ್ಕೆಟ್ ಎಂಟ್ರಿ ಕೇಸಿಗೆ ನಾನು ಯಾವಾಗಲೂ ನಮ್ಮ ಕ್ಯಾಂಪ್ಕೋ ಹೇಳ್ತೇನೆ. 1973ರಲ್ಲಿ ಅಡಿಕೆ ಬೆಳೆಗಾರರಿಗೋಸ್ಕರ ಮಂಗಳೂರಲ್ಲಿ ಶುರುವಾದ ಸಹಕಾರಿ ಸಂಸ್ಥೆ. ಅಡಿಕೆ ತೋಟದ ನಡುವೆ ಕೊಕ್ಕೋ ಹಾಕಿದವರಿಗೆ ಒಂದು ಸಮಯಕ್ಕೆ ರೇಟ್ ಬಿದ್ದು ತೆಗೊಳ್ಳುವವರೇ ಇಲ್ಲದ ಹಾಗೆ ಆಯ್ತು, ಆಗ ಕ್ಯಾಂಪ್ಕೋ ಕೊಕ್ಕೋ ತೆಗೊಳ್ಳಲಿಕ್ಕೆ ಶುರು ಮಾಡಿತು, 1986ರಲ್ಲಿ ಪುತ್ತೂರಲ್ಲಿ ಚಾಕೊಲೇಟ್ ಫ್ಯಾಕ್ಟರಿಯೇ ಹಾಕಿತು. ಈಗ ನೀವು ಆ ವರ್ಷದ ಬೋರ್ಡ್ ಮೀಟಿಂಗಲ್ಲಿ ಕೂತಿದ್ದೀರಿ ಅಂತ ತಿಳ್ಕೊಳ್ಳಿ. ಬೀಜ ಮಾರಿದ್ರೆ ಸಾಕಾ, ಚಾಕೊಲೇಟ್ ಯಾಕೆ? ಮೆಷಿನ್ ವರ್ಷದಲ್ಲಿ ಎಷ್ಟು ದಿನ ಓಡ್ತದೆ? ಬ್ರ್ಯಾಂಡ್ ಹೆಸರು ಯಾರಿಗೂ ಗೊತ್ತಿಲ್ಲದ ಸಮಯದಲ್ಲಿ ಬೇರೆ ಕಂಪನಿಗಳಿಗೆ ಮಾಡಿಕೊಡುದಾ? ಸದಸ್ಯ ರೈತನಿಗೆ ಒಳ್ಳೆ ರೇಟ್ ಕೊಟ್ರೆ ಫ್ಯಾಕ್ಟರಿಗೆ ಕಚ್ಚಾಮಾಲು ದುಬಾರಿ ಆಗ್ತದೆ, ಯಾರ ಲಾಭ ಮೊದಲು? ಈ ಕೊನೆ ಪ್ರಶ್ನೆ ಸಾಮಾನ್ಯ ಕಂಪನಿ ಕೇಸಲ್ಲಿ ಬರುದೇ ಇಲ್ಲ. ಯಾರ ಪರವಾಗಿ ಉತ್ತರ ಹುಡುಕ್ತಿದ್ದೇವೆ ಅಂತ ಮೊದಲೇ ಕೇಳ್ಬೇಕು ಅಂತ ನಾನು ಕಲ್ತದ್ದು ಅಲ್ಲಿಂದ.



ಸಪ್ತಾಪುರ_ಹುಡುಗ · ಅಕ್ಟೋಬರ್ 1

ಅಕ್ಕಾರ ಅಣ್ಣಾರ ನಮಸ್ಕಾರ. ನಾ ಧಾರವಾಡದಾಗ ಬಿಕಾಂ ಎರಡನೇ ವರ್ಷ. ನಮ್ಮಂಥ ಕಾಲೇಜಿಗೆ ಈ ಕಂಪನಿ ಬರಂಗೇ ಇಲ್ಲಲ್ರಿ, ನಾವು ಏನ್ ಮಾಡ್ಬೇಕು? ಮತ್ತ ಗೆಸ್ಟಿಮೇಟ್ ಅಂದ್ರ ಹೆಂಗ ಮಾಡೂದು ಯಾರರೆ ಒಂದ್ ಬಿಡಿಸಿ ತೋರಸ್ರಿ.

ಒಂಟಿಕೊಪ್ಪಲ್_ಅಕ್ಕ · ಅಕ್ಟೋಬರ್ 1

ಮೊದಲು ಗೆಸ್ಟಿಮೇಟ್. ಬೆಂಗಳೂರಲ್ಲಿ ದಿನಕ್ಕೆ ಮನೆಗಳಿಗೆ ಎಷ್ಟು ನಂದಿನಿ ಅರ್ಧ ಲೀಟರ್ ಪ್ಯಾಕೆಟ್ ಹೋಗುತ್ತೆ? ಇದು ನನ್ನ ಮೆಚ್ಚಿನದು.

ಜನಸಂಖ್ಯೆ 1.3 ಕೋಟಿ ಅಂತ ಇಟ್ಕೊಳ್ಳೋಣ, ಮನೆಗೆ 4 ಜನ, ಅಂದ್ರೆ 32.5 ಲಕ್ಷ ಮನೆ. ಅದರಲ್ಲಿ 80 ಪರ್ಸೆಂಟ್ ಪ್ಯಾಕೆಟ್ ಹಾಲು ತಗೋತಾರೆ, ಮಿಕ್ಕವರು ವರ್ತನೆ ಹಾಲು, ಡೈರಿ ಹಾಲು, ಅಥವಾ ದಿನಾ ತಗೊಳ್ಳದವರು. 26 ಲಕ್ಷ ಮನೆ. ಮನೆಗೆ ಸರಾಸರಿ 750 ಎಂಎಲ್, 19.5 ಲಕ್ಷ ಲೀಟರ್. ನಂದಿನಿ ಪಾಲು 70 ಪರ್ಸೆಂಟ್ ಅಂದ್ರೆ 13.65 ಲಕ್ಷ ಲೀಟರ್. ಎಲ್ಲಾ ಅರ್ಧ ಲೀಟರ್‌ನಲ್ಲೇ ಅಂದ್ರೆ 27 ಲಕ್ಷ ಚಿಲ್ಲರೆ ಪ್ಯಾಕೆಟ್. ಲೀಟರ್ ಪ್ಯಾಕೆಟ್ ತಗೊಳ್ಳೋರನ್ನ ಕಳೆದ್ರೆ ಇನ್ನೂ ಕಮ್ಮಿ.

ಇಷ್ಟಕ್ಕೇ ನಿಲ್ಲಿಸೋರು ಜಾಸ್ತಿ. ತಿರುಗಿ ನೋಡಿ. 13.65 ಲಕ್ಷ ಲೀಟರ್‌ನ 1.3 ಕೋಟಿ ಜನಕ್ಕೆ ಹಂಚಿದ್ರೆ ತಲೆಗೆ 105 ಎಂಎಲ್. ಎರಡು ಹೊತ್ತು ಕಾಫಿ, ಒಂದು ಸ್ವಲ್ಪ ಮೊಸರಿಗೆ ಹೆಪ್ಪು. ನಂಬಬಹುದು. 600 ಎಂಎಲ್ ಬಂದಿದ್ರೆ ಎಲ್ಲೋ ಸೊನ್ನೆ ಜಾಸ್ತಿ ಹಾಕಿದೀವಿ ಅಂತ ಅರ್ಥ. ಇಲ್ಲಿರೋ 80, 70 ಎಲ್ಲಾ ನನ್ನ ಊಹೆ, ಇಂಟರ್ವ್ಯೂ ಮಾಡೋರು ಬೇರೆ ಹೇಳಿದ್ರೆ ವಾದ ಮಾಡದೆ ಬದಲಾಯಿಸಿ. ಯಾಕೆ ಆ ಊಹೆ ಅಂತ ಒಂದು ವಾಕ್ಯ ಹೇಳೋದು ಮಾತ್ರ ಮರೀಬೇಡಿ.

ಕಾಲೇಜಿಗೆ ಕಂಪನಿ ಬರಲ್ಲ ಅನ್ನೋದು ನಿಜವಾದ ಕಷ್ಟ, ಅದನ್ನ ಇಲ್ಲ ಅನ್ನಲ್ಲ. ನಾನು ನೋಡಿರೋ ದಾರಿ ಅಂದ್ರೆ ಬೆಂಗಳೂರಲ್ಲಿರೋ ಸಣ್ಣ ಅಡ್ವೈಸರಿ ಕಂಪನಿಗಳು, ಎನ್‌ಜಿಒಗಳ ರಿಸರ್ಚ್ ಕೆಲಸ, ಡೆಲಾಯ್ಟ್ ಕೆಪಿಎಂಜಿ ಥರದ ಕಡೆ ಅನಲಿಸ್ಟ್ ಕೆಲಸ. ಅದಕ್ಕೆ ಅರ್ಜಿ ಹಾಕುವಾಗ ಏನು ಕಳಿಸ್ಬೇಕು ಅಂತ ಆಮೇಲೆ ಬರೀತೀನಿ, ಇವತ್ತು ಟೈಮ್ ಇಲ್ಲ.

ಲೀಡ್ಸ್_ಕನ್ನಡತಿ · ಅಕ್ಟೋಬರ್ 2

ಇಂಗ್ಲೆಂಡ್‌ನಲ್ಲಿ ಓದ್ತಿರೋ ನಮ್ಮವರು ಯಾರಾದ್ರೂ ಇದನ್ನ ನೋಡ್ತಿದ್ರೆ ಒಂದೇ ಮಾತು, ಇಲ್ಲಿ ಸಮ್ಮರ್ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಡಿಗ್ರಿ ಮುಗಿಯೋಕೆ ಒಂದು ವರ್ಷ ಮುಂಚೆ ಇರೋರಿಗೆ, ಅರ್ಜಿ ಆಗಸ್ಟ್ ಸೆಪ್ಟೆಂಬರ್‌ನಲ್ಲೇ ತೆರೆಯುತ್ತೆ, ಕೆಲವು ಕಡೆ ಕೊನೆ ದಿನಾಂಕದ ತನಕ ಕಾಯದೆ ಬಂದ ಹಾಗೆ ನೋಡ್ತಾರೆ. ನಾನು ಜನವರಿಲಿ ಹಾಕೋಣ ಅಂತ ಕೂತಿದ್ದೆ, ಒಂದು ವರ್ಷ ಹೋಯ್ತು.

ಮೆಣಸಿನಕಾಯಿ_ಓಣಿ · ಅಕ್ಟೋಬರ್ 9

ಒಂದ್ ವಾರದಾಗ 8 ಕೇಸ್ ಬಾಯಿಬಿಟ್ಟು ಮಾಡೇನಿ, 5 ಕೇಸ್ ಬ್ಯಾರೇದವ್ರಿಗೆ ಕೊಟ್ಟೇನಿ. ಈಗ ಅರ್ಧಕ್ಕರ್ಧ ಆರಾಮ ಅನಸ್ತೈತಿ. ಎರಡ್ ಪ್ರಶ್ನೆ ಅದಾವು.

ದೊಡ್ಡ ಕನ್ಸಲ್ಟಿಂಗ್ ಕಂಪನಿಗಳೊಳಗ, ಮೆಕಿನ್ಸಿ ಥರ ಕಡೆ ಇಂಟರ್ವ್ಯೂ ಮಾಡೋರ ಕೇಸ್ ನಡಸ್ತಾರಂತ, ಬಿಸಿಜಿ ಬೇನ್ ಥರ ಕಡೆ ನಾವ ನಡಸಬೇಕಂತ, ಖರೇನ? ಮತ್ತ "ನಿನ್ನ ಬಗ್ಗೆ ಒಂದ್ ಘಟನೆ ಹೇಳು" ಅಂತ ಕೇಳಿದ್ರ ಏನ್ ಹೇಳ್ಲಿ, ನನ್ನ ಜೀವನದಾಗ ಅಂಥಾದ್ದು ಏನೂ ಆಗಿಲ್ಲ. ಕ್ಲಬ್ ಪ್ರೆಸಿಡೆಂಟ್ ಆಗಿಲ್ಲ, ಹೊರದೇಶಕ್ಕ ಹೋಗಿಲ್ಲ.

ಪುತ್ತೂರ್‌ದವ · ಅಕ್ಟೋಬರ್ 9

ಹೌದು, ಹೆಚ್ಚುಕಮ್ಮಿ ಹಾಗೆಯೇ. ಇಂಟರ್ವ್ಯೂ ಮಾಡುವವರೇ ನಡೆಸುವ ಕೇಸಲ್ಲಿ ಅವರು ಒಂದೊಂದೇ ಪ್ರಶ್ನೆ ಕೊಡ್ತಾರೆ, ನೀವು ಆಯಾ ಪ್ರಶ್ನೆಗೆ ಆಳಕ್ಕೆ ಹೋಗ್ಬೇಕು. ನೀವೇ ನಡೆಸುವುದಾದ್ರೆ ಮುಂದೆ ಎಲ್ಲಿಗೆ ಹೋಗುದು, ಯಾಕೆ ಅಂತ ನೀವೇ ಹೇಳ್ಬೇಕು, ಸುಮ್ಮನೆ ಕೂತ್ರೆ ಅವರೂ ಸುಮ್ಮನೆ ಕೂರ್ತಾರೆ. ಎರಡೂ ಅಭ್ಯಾಸ ಮಾಡಿ.

ಘಟನೆ ಇಲ್ಲ ಅಂತ ಹೇಳ್ಬೇಡಿ. ಅಪ್ಪನ ಅಂಗಡಿಯಲ್ಲಿ ನೀವು ಎಂತದೂ ಮಾಡಿಲ್ವಾ?

ಮೆಣಸಿನಕಾಯಿ_ಓಣಿ · ಅಕ್ಟೋಬರ್ 9

ಉದ್ರಿ ವಸೂಲಿ ಮಾಡೇನಿ. ಡಿಗ್ರಿ ಮುಗಿಸಿ ಮನ್ಯಾಗ ಇದ್ದಾಗ ಅಪ್ಪನ ಉದ್ರಿ ಪುಸ್ತಕ ನೋಡಿದ್ರ ಯಾರ್ದು ಎಷ್ಟ್ ದಿನದ್ದು ಗೊತ್ತಾಗ್ತಿರ್ಲಿಲ್ಲ, ಎಲ್ಲಾ ತಾರೀಖಿನ ಮ್ಯಾಲೆ ಬರದಿದ್ರು, ಹೆಸರಿನ ಮ್ಯಾಲೆ ಅಲ್ಲ. ನಾ ಹೆಸರಿನ ಮ್ಯಾಲೆ ಹಾಕಿ, 30 ದಿನ, 60 ದಿನ, 90 ದಿನ ಅಂತ ಬ್ಯಾರೆ ಮಾಡಿದೆ. 90 ದಾಟಿದವ್ರು 11 ಮಂದಿ. ಅಪ್ಪಗ ಫೋನ್ ಮಾಡಾಕ ಸಂಕೋಚ, ಹಳೇ ಗಿರಾಕಿ ಅಂತ. ಜಗಳ ಆತು ಮನ್ಯಾಗ. ಕಡೀಕ ನಾನ ಹೋಗಿ ಕೇಳಿದೆ, 7 ಮಂದಿ ಕೊಟ್ರು, ಒಬ್ಬರು ನಮ್ ಜೋಡಿ ವ್ಯಾಪಾರ ಬಿಟ್ರು.

ಒಂಟಿಕೊಪ್ಪಲ್_ಅಕ್ಕ · ಅಕ್ಟೋಬರ್ 10

ಇದನ್ನೇ ಹೇಳಿ. ಇದಕ್ಕಿಂತ ಒಳ್ಳೇದು ಬೇಕಾಗಿಲ್ಲ. ಹೇಳುವಾಗ "ನಾವು ಮಾಡಿದ್ವಿ" ಅನ್ನೋದು ನಮ್ಮ ಕಡೆ ವಿನಯ, ಇಂಟರ್ವ್ಯೂಲಿ ಮಾತ್ರ "ನಾನು" ಅನ್ನಿ, ಯಾಕಂದ್ರೆ ಅವರು ಹುಡುಕ್ತಿರೋದು ನೀವು ಏನ್ ಮಾಡಿದ್ರಿ ಅಂತ. ಬಿಟ್ಟುಹೋದ ಆ ಒಬ್ಬ ಗಿರಾಕಿ ಬಗ್ಗೆನೂ ಹೇಳಿ, ಅಡಗಿಸ್ಬೇಡಿ. ಅವರು ಮುಂದಿನ ಪ್ರಶ್ನೆ ಅದರ ಮೇಲೇ ಕೇಳ್ತಾರೆ: ಇನ್ನೊಂದ್ಸಲ ಆದ್ರೆ ಏನು ಬೇರೆ ಥರ ಮಾಡ್ತೀರಾ, ಅಪ್ಪ ಬೇಡ ಅಂದಾಗ ಅವರನ್ನ ಹೇಗೆ ಒಪ್ಪಿಸಿದ್ರಿ, ಆ ಜಗಳದಲ್ಲಿ ಅವರ ಮಾತಲ್ಲಿ ಸರಿ ಏನಿತ್ತು. ಇವಕ್ಕೆ ನಿಜವಾದ ಉತ್ತರ ಈಗಲೇ ಯೋಚನೆ ಮಾಡಿಟ್ಕೊಳ್ಳಿ.

ಮೆಣಸಿನಕಾಯಿ_ಓಣಿ · ಅಕ್ಟೋಬರ್ 31

ಆತ್ರಿ!! ಎರಡನೇ ಕಂಪನ್ಯಾಗ ಆತು. ಮೊದಲನೇದ್ರಾಗ ಕೊನೇ ರೌಂಡ್ ತನಕ ಹೋಗಿ ಇಲ್ಲ ಅಂದ್ರು, ಆ ಕೇಸ್‌ನ್ಯಾಗ ನಾ ಪ್ರಶ್ನೆನ ಪೂರ್ತಿ ಕೇಳದ ಓಡಿದೆ, ಗಿರಾಕಿ ಕೇಳಿದ್ದು ಮಾರ್ಕೆಟ್ ಶೇರ್, ನಾ ಲಾಭದ ಹಿಂದ ಬಿದ್ದೆ, ಎಂಟ್ ನಿಮಿಷ ಹೋತು. ಎರಡನೇದ್ರಾಗ ಬಂದಿದ್ದು ಒಂದ್ ಹೆಣ್ಮಕ್ಕಳ ಬಟ್ಟಿ ಅಂಗಡಿ ಕೇಸ್, ಸ್ಟಾಕ್ ಹೆಚ್ಚಾಗಿ ರೊಕ್ಕ ಸಿಕ್ಕೊಂಡೈತಿ ಅಂತ. ಕೋಲ್ಡ್ ಸ್ಟೋರೇಜ್ ಲೆಕ್ಕನ ತಲ್ಯಾಗ ಇತ್ತು. ಉದ್ರಿ ಕಥಿನೂ ಕೇಳಿದ್ರು, ಅರ್ಧ ತಾಸು ಅದ್ರ ಮ್ಯಾಲೇ ಹೋತು.

ಅಪ್ಪಗ ಫೋನ್ ಮಾಡಿ 20,875ರ ಲೆಕ್ಕ ಹೇಳಿದೆ. ಅವ್ರು ಕೇಳಿದ್ದು ಒಂದ ಪ್ರಶ್ನೆ, "ರೊಕ್ಕ ನಮ್ದ ಐತಲ್ಲವಾ, ಬಡ್ಡಿ ಯಾಕ ಹಿಡದಿ?"

ಪುತ್ತೂರ್‌ದವ · ಅಕ್ಟೋಬರ್ 31

ಕಂಗ್ರಾಟ್ಸ್, ತುಂಬಾ ಖುಷಿ ಆಯ್ತು. ಅಪ್ಪನ ಪ್ರಶ್ನೆಯನ್ನು ಜೋಪಾನವಾಗಿ ಇಟ್ಕೊಳ್ಳಿ. ಸ್ವಂತ ದುಡ್ಡಿಗೆ ಬಡ್ಡಿ ಇಲ್ಲ ಅನ್ನುವ ಮಾತು ದೊಡ್ಡ ದೊಡ್ಡ ಕ್ಲೈಂಟುಗಳ ಹತ್ರವೂ ನಾನು ಕೇಳಿದ್ದೇನೆ. ಅದಕ್ಕೆ "ಅಪಾರ್ಚುನಿಟಿ ಕಾಸ್ಟ್" ಅಂತ ಹೇಳಿದ್ರೆ ಯಾರೂ ಒಪ್ಪುದಿಲ್ಲ. "ಈ 18 ಲಕ್ಷ ಎಂಟು ತಿಂಗಳು ಬ್ಯಾಂಕಲ್ಲಿ ಇದ್ದಿದ್ರೆ ಎಷ್ಟು ಬರ್ತಿತ್ತು, ಅಥವಾ ಅದರಲ್ಲೇ ವಾರ ವಾರ ತೆಗೊಂಡು ಮಾರಿದ್ರೆ ಎಷ್ಟು ಬರ್ತಿತ್ತು" ಅಂತ ಕೇಳಿ ನೋಡಿ.

ಮೆಣಸಿನಕಾಯಿ_ಓಣಿ · ಏಪ್ರಿಲ್ 6

ಮತ್ತ ಬಂದೇನ್ರಿ. ನಾಳೆಯಿಂದ ಇಂಟರ್ನ್‌ಶಿಪ್, ಮುಂಬೈ. ಪಿಜಿ ಸಿಕ್ಕೈತಿ. ಎಂಟ್ ವಾರ. ಮೊದಲ ದಿನದಿಂದ ಏನ್ ಮಾಡ್ಬೇಕು, ಏನ್ ಮಾಡಬಾರ್ದು?

ಸಪ್ತಾಪುರ_ಹುಡುಗ · ಏಪ್ರಿಲ್ 6

ಆಲ್ ದಿ ಬೆಸ್ಟ್ ಅಕ್ಕಾರ! ಯಾವ ಕ್ಲೈಂಟ್ ಅಂತ ಗೊತ್ತಾದ ಮ್ಯಾಲೆ ಹೇಳ್ರಿ, ನಾವೂ ಓದ್ಕೋತೇವಿ.

ಒಂಟಿಕೊಪ್ಪಲ್_ಅಕ್ಕ · ಏಪ್ರಿಲ್ 6

ತಮ್ಮಾ, ಅದನ್ನ ಕೇಳ್ಬೇಡಪ್ಪ, ಅವರೂ ಹೇಳ್ಬಾರ್ದು. ಕ್ಲೈಂಟ್ ಹೆಸರು, ಊರು, ಯಾವ ವಸ್ತು, ಏನೂ ಇಲ್ಲಿ ಬರಬಾರ್ದು. ಕ್ಯಾಬ್‌ನಲ್ಲಿ, ಲಿಫ್ಟ್‌ನಲ್ಲಿ, ಪಿಜಿ ರೂಮ್‌ಮೇಟ್ ಹತ್ರ ಮಾತಾಡಬಾರ್ದು, ಮನೆಗೆ ಫೋನ್ ಮಾಡಿದಾಗಲೂ ಬೇಡ. ಇನ್ನೊಂದು ಈಗಿನ ಕಾಲದ್ದು, ಕ್ಲೈಂಟ್ ಕೊಟ್ಟ ಡೇಟಾನ ಹೊರಗಿನ ಎಐ ಚಾಟ್‌ಗೆ ಹಾಕ್ಬೇಡಿ, ಒಂದು ಸಾಲೂ ಬೇಡ. ಕಂಪನಿಯವರು ಒಳಗೆ ಬಳಸೋಕೆ ಏನು ಕೊಟ್ಟಿದಾರೋ ಅದು, ಅವರ ನಿಯಮದ ಪ್ರಕಾರ ಮಾತ್ರ.

ಮೊದಲ ವಾರಕ್ಕೆ ಒಂದೇ ಹೇಳ್ತೀನಿ. ನಿಮ್ಮ ಪ್ರಾಜೆಕ್ಟ್ ಮುಗಿದ ಮೇಲೆ ಕ್ಲೈಂಟ್ ಏನು ತೀರ್ಮಾನ ತಗೋಬೇಕು? ಅದನ್ನ ಒಂದೇ ವಾಕ್ಯದಲ್ಲಿ ಬರೆದು ಮ್ಯಾನೇಜರ್‌ಗೆ ತೋರಿಸಿ. "ಡಿಸ್ಟ್ರಿಬ್ಯೂಷನ್ ಸ್ಟಡಿ ಮಾಡೋದು" ಅಂದ್ರೆ ಅದು ತೀರ್ಮಾನ ಅಲ್ಲ. "ಯಾವ ಜಿಲ್ಲೆಗಳಲ್ಲಿ ಈಗಿರೋ ಡಿಸ್ಟ್ರಿಬ್ಯೂಟರ್ ಬದಲಾಯಿಸ್ಬೇಕು" ಅಂದ್ರೆ ಅದು ತೀರ್ಮಾನ. ಅವರು ಒಪ್ಪೋ ತನಕ ತಿದ್ದಿ. ಎಂಟು ವಾರದಲ್ಲಿ ನಾಲ್ಕನೇ ವಾರದ ಹೊತ್ತಿಗೆ ಮಿಡ್ ರಿವ್ಯೂ ಬರುತ್ತೆ, ಅಷ್ಟೊತ್ತಿಗೆ ದಾರಿ ತಪ್ಪಿದ್ರೆ ಉಳಿದ ನಾಲ್ಕು ವಾರ ಸಾಲಲ್ಲ.

ಇನ್ನು ಅರ್ಧ ಆದ ಕೆಲಸ ತೋರಿಸೋಕೆ ನಾಚ್ಕೋಬೇಡಿ. ಶುಕ್ರವಾರ ಚೆನ್ನಾಗಿ ಮಾಡಿ ತೋರಿಸೋಣ ಅಂತ ಮೂರು ದಿನ ಕೂರೋದಕ್ಕಿಂತ, ಮಂಗಳವಾರವೇ ಖಾಲಿ ಸ್ಲೈಡ್‌ಗಳನ್ನ ಪೇಪರ್ ಮೇಲೆ ಗೆರೆ ಎಳೆದು, ಪ್ರತಿಯೊಂದರ ಮೇಲೆ ಒಂದು ಪೂರ್ತಿ ವಾಕ್ಯ ಬರೆದು, "ಇದು ಹೇಳೋಕೆ ಹೊರಟಿದೀನಿ, ಈ ನಂಬರ್ ಇನ್ನೂ ಸಿಕ್ಕಿಲ್ಲ" ಅಂತ ತೋರಿಸಿ. ಸ್ಲೈಡ್ ತಲೆಬರಹ ಬರೀ "ಮಾರಾಟ ವಿವರ" ಅಂತ ಇದ್ರೆ ಓದೋರಿಗೆ ಏನೂ ಸಿಗಲ್ಲ. ಎಲ್ಲಾ ತಲೆಬರಹಗಳನ್ನ ಮಾತ್ರ ಒಂದರ ಕೆಳಗೊಂದು ಓದಿದ್ರೆ ಪೂರ್ತಿ ಕಥೆ ಗೊತ್ತಾಗ್ಬೇಕು.

ಪುತ್ತೂರ್‌ದವ · ಏಪ್ರಿಲ್ 7

ಎಕ್ಸೆಲ್ ಬಗ್ಗೆ ನಾನು ಹೇಳ್ತೇನೆ, ಯಾಕಂದ್ರೆ ನನ್ನ ಇಂಟರ್ನ್‌ಶಿಪ್ ಅಲ್ಲೇ ಹಾಳಾಗುದರಲ್ಲಿತ್ತು. ಒಂದು ಶೀಟಲ್ಲಿ ನಂಬರ್ ಲಕ್ಷದಲ್ಲಿತ್ತು, ಇನ್ನೊಂದು ವಿದೇಶಿ ರಿಪೋರ್ಟಿಂದ ತೆಗೆದದ್ದು ಮಿಲಿಯನಲ್ಲಿ. 1 ಮಿಲಿಯನ್ ಅಂದ್ರೆ 10 ಲಕ್ಷ, ಎಲ್ಲರಿಗೂ ಗೊತ್ತಿರುವ ವಿಷಯ, ನಾನು ಎರಡನ್ನೂ ಹಾಗೇ ಕೂಡಿಸಿಬಿಟ್ಟೆ. ಒಂದು ಸೆಗ್ಮೆಂಟ್ ಇರಬೇಕಾದ್ದರ ಹತ್ತನೇ ಒಂದು ಭಾಗ ಕಾಣ್ತಿತ್ತು, ಅದರ ಮೇಲೆ "ಈ ಸೆಗ್ಮೆಂಟ್ ಬಿಟ್ಟುಬಿಡಿ" ಅಂತ ಸ್ಲೈಡೂ ಮಾಡಿದ್ದೆ. ಕ್ಲೈಂಟ್ ಮೀಟಿಂಗ್‌ನ ಹಿಂದಿನ ರಾತ್ರಿ ಒಂದು ಗಂಟೆಗೆ ಗೊತ್ತಾಯ್ತು. ಬೆಳಿಗ್ಗೆ ಹೇಳುವ ಅಂತ ಮನಸ್ಸಾಯ್ತು, ಆದ್ರೆ ಆಗಲೇ ಫೋನ್ ಮಾಡಿದೆ. ಮ್ಯಾನೇಜರ್ ಎದ್ದು ಕೂತು ನನ್ನೊಟ್ಟಿಗೆ ನಾಲ್ಕು ಗಂಟೆ ತನಕ ಸರಿ ಮಾಡಿದ್ರು. ಬೈದರು, ಸರಿಯಾಗಿಯೇ ಬೈದರು. ಆದ್ರೆ ಕೊನೆಯ ಫೀಡ್‌ಬ್ಯಾಕಲ್ಲಿ ಅವರು ಬರೆದ ಒಳ್ಳೆಯ ಸಾಲು ಆ ಫೋನಿನ ಬಗ್ಗೆಯೇ.

ಅಂದಿನಿಂದ ಪ್ರತಿ ಕಾಲಮ್ಮಿನ ಮೇಲೆ ಯೂನಿಟ್ ಬರೀತೇನೆ, ಟನ್ನಾ, ಕ್ವಿಂಟಲಾ, ಲಕ್ಷವಾ. ಊಹೆಗಳೆಲ್ಲ ಒಂದೇ ಶೀಟಲ್ಲಿ, ಫಾರ್ಮುಲಾದ ಒಳಗೆ ನಂಬರ್ ತುರುಕುದಿಲ್ಲ. ಪ್ರತಿ ನಂಬರಿನ ಪಕ್ಕ ಎಲ್ಲಿಂದ ಬಂತು ಅಂತ. ಒಟ್ಟು ಮೊತ್ತವನ್ನು ಇನ್ನೊಂದು ದಾರಿಯಿಂದ ಒಮ್ಮೆ ತಾಳೆ ನೋಡುದು, ಅಕ್ಕ ಹಾಲಿನ ಲೆಕ್ಕದಲ್ಲಿ ತಲೆಗೆ 105 ಎಂಎಲ್ ಮಾಡಿದ ಹಾಗೆ.

ಮೆಣಸಿನಕಾಯಿ_ಓಣಿ · ಮೇ 4

ಮಿಡ್ ರಿವ್ಯೂ ಆತು. ಹೆಸರೇನೂ ಹೇಳಂಗಿಲ್ಲ, ಕೆಲಸದ ರೀತಿ ಅಷ್ಟ ಹೇಳ್ತೇನಿ. ಅನಾಲಿಸಿಸ್ ಚೊಲೋ ಐತಿ ಅಂದ್ರು, ಮೀಟಿಂಗ್‌ನ್ಯಾಗ ಮಾತಾಡಂಗಿಲ್ಲ ಅಂದ್ರು. ಖರೇನ ಐತಿ. ಹತ್ತ್ ಮಂದಿ ಇರೋ ಕಾಲ್‌ನ್ಯಾಗ ಎಲ್ಲಾರೂ ಒಬ್ಬರ ಮಾತು ಮುಗಿಯೋದ್ರಾಗ ಇನ್ನೊಬ್ಬರು ಶುರು ಮಾಡ್ತಾರ, ನನಗ ನಡುವ ಹೋಗಾಕ ಬರಂಗಿಲ್ಲ. ಗೊತ್ತಿದ್ರೂ ಸುಮ್ನ ಕುಂತಿರ್ತೇನಿ. ನಾಕ್ ವಾರ ಅದಾವು ಇನ್ನ.

ಒಂಟಿಕೊಪ್ಪಲ್_ಅಕ್ಕ · ಮೇ 4

ನನಗೂ ಇದೇ ಹೇಳಿದ್ರು, ಎರಡು ವರ್ಷ ಹೇಳಿದ್ರು. ನಾನು ಮಾಡಿದ್ದು ಇಷ್ಟು. ಮೀಟಿಂಗ್‌ಗೆ ಮುಂಚೆ ಮ್ಯಾನೇಜರ್‌ಗೆ ಹೇಳ್ತಿದ್ದೆ, "ಈ ಎರಡನೇ ಭಾಗ ನಾನೇ ಹೇಳ್ತೀನಿ" ಅಂತ. ಆಗ ಜಾಗ ನಿಮಗೇ ಸಿಗುತ್ತೆ, ಯಾರ ಮಾತಿಗೂ ಅಡ್ಡ ಹೋಗ್ಬೇಕಿಲ್ಲ. ಹೇಳೋ ಮೊದಲ ಎರಡು ವಾಕ್ಯ ಬರೆದಿಟ್ಕೊಳ್ಳಿ, ಮಿಕ್ಕಿದ್ದು ತಾನಾಗೇ ಬರುತ್ತೆ. ಉತ್ತರ ಮೊದಲು, ಕಾರಣ ಆಮೇಲೆ. ನಮ್ಮ ಕಡೆ ಮಾತಲ್ಲಿ ಹಿನ್ನೆಲೆ ಎಲ್ಲಾ ಹೇಳಿ ಕೊನೆಗೆ ವಿಷಯಕ್ಕೆ ಬರ್ತೀವಿ, ಮನೆಲಿ ಅದು ಚೆಂದ, ಇಲ್ಲಿ ನೀವು ವಿಷಯಕ್ಕೆ ಬರೋ ಹೊತ್ತಿಗೆ ಅವರು ಮುಂದಿನ ಸ್ಲೈಡ್‌ಗೆ ಹೋಗಿರ್ತಾರೆ.

ಇನ್ನೊಂದು, ಫೀಲ್ಡ್‌ಗೆ ಹೋಗೋ ಅವಕಾಶ ಇದ್ಯಾ? ಇದ್ರೆ ಕೇಳಿ ಹೋಗಿ. ಮೀಟಿಂಗ್‌ನಲ್ಲಿ ಬೇರೆ ಯಾರ ಹತ್ರನೂ ಇಲ್ಲದ ಮಾತು ನಿಮ್ಮ ಹತ್ರ ಇದ್ರೆ ಅವರೇ ತಿರುಗಿ ನಿಮ್ಮನ್ನ ಕೇಳ್ತಾರೆ.

ಮೆಣಸಿನಕಾಯಿ_ಓಣಿ · ಜೂನ್ 3

ನಿನ್ನೆ ಮುಗೀತು. ಉದ್ದ ಬರೀತೇನಿ, ತಡಕೊಳ್ರಿ.

ಫೀಲ್ಡ್‌ಗೆ ಹೋಗ್ತೇನಿ ಅಂತ ಕೇಳಿದೆ, ಐದ್ ದಿನ ಕಳಸಿದ್ರು. ಡಿಸ್ಟ್ರಿಬ್ಯೂಟರ್‌ಗಳ ಗೋಡೌನ್, ಅಂಗಡಿ, 22 ಮಂದಿ ಜೋಡಿ ಮಾತಾಡೇನಿ. ಆಫೀಸ್‌ನ್ಯಾಗ ನಮ್ಮ ಶೀಟ್ ಹೇಳ್ತಿತ್ತು, ಇವ್ರು ಆರ್ಡರ್ ಕಮ್ಮಿ ಮಾಡ್ಯಾರ ಯಾಕಂದ್ರ ಮಾರ್ಜಿನ್ ಕಮ್ಮಿ ಐತಿ. ಹೋಗಿ ನೋಡಿದ್ರ ಮಾರ್ಜಿನ್ ಬಗ್ಗೆ ಮದ್ಲು ಯಾರೂ ಮಾತಾಡ್ಲಿಲ್ಲ. ಹಾಳಾದ ಮಾಲು ವಾಪಸ್ ತಗೊಳ್ಳೋದು ತಡ ಆಗ್ತೈತಿ, ಆ ರೊಕ್ಕ ತಿಂಗಳಗಟ್ಲೆ ಸಿಕ್ಕೊಂಡಿರ್ತೈತಿ, ಅದಕ್ಕ ಹೊಸ ಆರ್ಡರ್ ಹಾಕಂಗಿಲ್ಲ ಅಂದ್ರು. ಒಬ್ಬರು ಒಳಗ ಕರ್ಕೊಂಡ್ ಹೋಗಿ ಮೂಲ್ಯಾಗ ಒಟ್ಟಿದ ಬಾಕ್ಸ್ ತೋರಿಸಿದ್ರು. ನಮ್ಮಪ್ಪನ ಉದ್ರಿ ಪುಸ್ತಕ ನೆನಪಾತು. 30 ದಿನ, 60 ದಿನ, 90 ದಿನ ಅಂತ ಅದೇ ಟೇಬಲ್ ಹಾಕಿದೆ, ಈ ಸಲ ಗಿರಾಕಿ ನಮಗ ಕೊಡೋದಲ್ಲ, ಕಂಪನಿ ಅವ್ರಿಗೆ ಕೊಡೋದು. 90 ದಿನ ದಾಟಿದ್ದು ಹೆಚ್ಚಿದ್ದ ಕಡೆ ಆರ್ಡರ್ ಇಳದಿತ್ತು, ಒಂದೆರಡು ಕಡೆ ಬಿಟ್ರ.

ಅಕ್ಕ ಹೇಳಿದಂಗ ಕೊನೇ ಪ್ರೆಸೆಂಟೇಷನ್‌ನ್ಯಾಗ ಆ ಭಾಗ ನಾನ ಹೇಳ್ತೇನಿ ಅಂತ ಮದ್ಲ ಕೇಳ್ಕೊಂಡಿದ್ದೆ. ಮೊದಲ ವಾಕ್ಯನ "ಮಾರ್ಜಿನ್ ಏರಿಸೋದು ಬ್ಯಾಡ, ವಾಪಸ್ ಮಾಲಿನ ರೊಕ್ಕ 30 ದಿನದಾಗ ಕೊಡ್ರಿ" ಅಂತ. ಆಮ್ಯಾಲೆ ಪಾರ್ಟ್ನರ್ (ನಮ್ಮ ಕನ್ಸಲ್ಟಿಂಗ್ ಕಂಪನಿ ಹಿರಿಯರು) ಒಂದ್ ಪ್ರಶ್ನೆ ಕೇಳಿದ್ರು, 30 ದಿನದಾಗ ಕೊಟ್ರ ಕಂಪನಿಗೆ ಎಷ್ಟ್ ಕ್ಯಾಶ್ ಬೇಕು ಅಂತ. ನನ್ನ ಹತ್ರ ಇರ್ಲಿಲ್ಲ. ಎದಿ ಧಸಕ್ ಅಂತು. "ಆ ಲೆಕ್ಕ ನಾ ಮಾಡಿಲ್ಲ, ಇದಕ್ಕ ಬೇಕಾದ ಎರಡ್ ನಂಬರ್ ಅದಾವು, ಸಂಜಿಕ ಕಳಸ್ತೇನಿ" ಅಂದೆ. ಆರ್ ಗಂಟೆಕ್ಕ ಕಳಸಿದೆ. ಅದನ್ನ ನಾ ಮದ್ಲ ಮಾಡಬೇಕಿತ್ತು, ಪುತ್ತೂರಣ್ಣ ಸೆಪ್ಟೆಂಬರ್‌ನ್ಯಾಗ ಹೇಳಿದ್ದ ಅದು, ಉತ್ತರ ಬಂದ ಮ್ಯಾಲೆ ಇನ್ನೊಂದ್ ಹೆಜ್ಜಿ ಹೋಗ್ರಿ ಅಂತ.

ಪಿಪಿಒ (ಇಂಟರ್ನ್‌ಶಿಪ್ ನೋಡಿ ಕೊಡೋ ಖಾಯಂ ಕೆಲಸದ ಆಫರ್) ಬಗ್ಗೆ ಇನ್ನೂ ಹೇಳಿಲ್ಲ. ಕಾಯಾಕತ್ತೇನಿ.

ಪುತ್ತೂರ್‌ದವ · ಜೂನ್ 3

ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಪಿಪಿಒ ಬರ್ಲಿ ಅಂತ ಮನಸಾರೆ ಹಾರೈಸ್ತೇನೆ. ಈ ವಾರವೇ ಒಂದು ಕೆಲಸ ಮಾಡಿ, ಮ್ಯಾನೇಜರಿಗೆ ಮತ್ತೆ ಆ ಐದು ದಿನ ನಿಮ್ಮೊಟ್ಟಿಗೆ ಬಂದವರಿಗೆ ಎರಡು ಸಾಲಿನ ಮೇಲ್ ಹಾಕಿ. ಮತ್ತೆ ನೀವು ಕಲ್ತದ್ದನ್ನು ಕ್ಲೈಂಟ್ ವಿವರ ಇಲ್ಲದ ಹಾಗೆ ಒಂದು ಪುಟ ಬರೆದಿಟ್ಕೊಳ್ಳಿ. ಪಿಪಿಒ ಬಾರದಿದ್ರೆ ಫೈನಲ್ ಪ್ಲೇಸ್‌ಮೆಂಟಿಗೆ ಅದೇ ಬೇಕಾಗುದು, ಆರು ತಿಂಗಳಲ್ಲಿ ಅರ್ಧ ಮರೆತುಹೋಗ್ತದೆ.

ಸಪ್ತಾಪುರ_ಹುಡುಗ · ಜೂನ್ 4

ಅಕ್ಕಾರ ಭಾರಿ ಆತು ನಿಮ್ದು. ಒಂಟಿಕೊಪ್ಪಲ್ ಅಕ್ಕಾರ, ನೀವು ಅಕ್ಟೋಬರ್‌ದಾಗ "ಆಮೇಲೆ ಬರೀತೀನಿ" ಅಂದಿದ್ರಿ, ಸಣ್ಣ ಕಂಪನಿಗೆ ಅರ್ಜಿ ಹಾಕೂದು ಹೆಂಗ ಅಂತ. ನಂದು ಈಗ ಮೂರನೇ ವರ್ಷ ಶುರು.

ಒಂಟಿಕೊಪ್ಪಲ್_ಅಕ್ಕ · ಜೂನ್ 4

ನೆನಪಿಸಿದ್ದು ಒಳ್ಳೇದಾಯ್ತಪ್ಪ, ತಡ ಮಾಡಿದ್ದು ನನ್ನ ತಪ್ಪು.

ರೆಸ್ಯೂಮೆ ಒಂದನ್ನೇ ಕಳಿಸ್ಬೇಡ. ಧಾರವಾಡದಲ್ಲೇ ನಿನಗೆ ಗೊತ್ತಿರೋ ಒಂದು ವ್ಯಾಪಾರ ತಗೋ, ಪೇಡೆ ಅಂಗಡಿ ಆಗ್ಲಿ, ಖಾನಾವಳಿ ಆಗ್ಲಿ, ಝೆರಾಕ್ಸ್ ಅಂಗಡಿ ಆಗ್ಲಿ. ಮಾಲೀಕರನ್ನ ಕೇಳಿ, ಅವರು ಒಪ್ಪಿದ್ರೆ ಎರಡು ವಾರ ಅಲ್ಲಿ ಕೂತು ಎಣಿಸು. ಗಂಟೆಗೆ ಎಷ್ಟು ಜನ, ಎಷ್ಟು ಊಟ ಮಿಗುತ್ತೆ, ಯಾವ ದಿನ ಜಾಸ್ತಿ. ಮೂರು ಸ್ಲೈಡ್ ಮಾಡು, ಮೊದಲನೇದರಲ್ಲಿ ಸಲಹೆ, ಎರಡನೇದರಲ್ಲಿ ಲೆಕ್ಕ, ಮೂರನೇದರಲ್ಲಿ ನಿನ್ನ ಲೆಕ್ಕ ಎಲ್ಲಿ ತಪ್ಪಿರಬಹುದು ಅನ್ನೋದು. ಅಂಗಡಿ ಹೆಸರು ತೆಗೆದು ಅದನ್ನ ಮೇಲ್ ಜೊತೆ ಕಳಿಸು. 30 ಕಡೆ ಕಳಿಸಿದ್ರೆ ಮೂರ್ನಾಲ್ಕು ಕಡೆ ಉತ್ತರ ಬಂದ್ರೂ ಸಾಕು ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಕಳಿಸು.

ಮೂರು ಸ್ಲೈಡ್ ಆದ್ಮೇಲೆ ಇಲ್ಲೇ ಹಾಕು, ನಾನು ನೋಡ್ತೀನಿ.

ಮೆಣಸಿನಕಾಯಿ_ಓಣಿ · ಜೂನ್ 4

ಖಾನಾವಳಿ ತಗೋ ತಮ್ಮಾ. ರೊಟ್ಟಿ ಎಷ್ಟ್ ಮಿಗತಾವು ಅನ್ನೋದನ್ನ ಮಧ್ಯಾಹ್ನ ಬ್ಯಾರೆ, ರಾತ್ರಿ ಬ್ಯಾರೆ ಎಣಿಸು. ಎರಡೂ ಕೂಡಿಸಿ ಎಣಿಸಿದ್ರ ಏನೂ ಕಾಣಂಗಿಲ್ಲ.